ಕಾವಿಗೆ ಕೂತ ಗಂಡು

ಮಿರಗದ ಮಳೆ ಜೋರಾಗಿ ಹೊಯ್ದ ಮೇಲೆ ಬೋನಾಳ ಕೆರೆಯ ನೀರು ಬಣ್ಣ ಬದಲಿಸುತ್ತದೆ. ಬೇಸಿಗೆಯ ಕೊನೆಗೆ ಬೂದು ಬೆರೆತ ಹಸಿರಾಗಿದ್ದದ್ದು ಹಳ್ಳಗಳ ಹೊಸ ನೀರು ಸೇರಿದಾಗ ಕೆಂಗಂದಾಗುತ್ತದೆ. ಆರಿದ್ರಾ ಮುಗಿಯುವ ಹೊತ್ತಿಗೆ ಮಣ್ಣು ತಳ ಹಿಡಿದು ಮೇಲಿನ ನೀರು ತಿಳಿಯಾಗುತ್ತದೆ. ಆಳವಿದ್ದಲ್ಲಿ ಕಪ್ಪಗೆ, ಆಳವಿಲ್ಲದಲ್ಲಿ ಜೊಂಡಿನ ನೆರಳು ಹೊತ್ತು ನಿಲ್ಲುತ್ತದೆ. ಆಗ ನೈದಿಲೆಯ ಎಲೆಗಳು ಮೇಲೇಳುತ್ತವೆ. ಮೊದಲು ಕಾಣುವುದು ಸುರುಳಿ ಸುತ್ತಿಕೊಂಡ ತಾಮ್ರಗೆಂಪು ಮೊನೆ. ಆಮೇಲೆ ನಿಧಾನ ಬಿಚ್ಚಿಕೊಂಡು, ಅಂಚಿನಲ್ಲಷ್ಟೇ ಕೆಂಪು ಉಳಿಸಿಕೊಂಡು, ಹಸಿರಾಗಿ ನೀರಿಗೆ ಬೆನ್ನು ಹಚ್ಚಿ ಮಲಗುತ್ತದೆ. ಅಂಥ ಎಲೆಗಳ ಮೇಲೆ ದೇವನಹಕ್ಕಿ ನಡೆಯುತ್ತದೆ.

ಮಳೆಗಾಲದಲ್ಲಿ ಈ ಹಕ್ಕಿಯ ಉಡುಗೆಯನ್ನು ಒಂದೇ ಸಲ ನೋಡಿ ಮುಗಿಸಲಾಗದು. ತಲೆ, ಮುಖ, ಕೊರಳಿನ ಮುಂಭಾಗ ಅಚ್ಚಬಿಳಿ. ಹೆಡಕಿನ ಮೇಲೆ ರೇಷಿಮೆ ಹೊಳಪಿನ ಹೊಂಬಣ್ಣ. ಆ ಹೊನ್ನಿಗೂ ಈ ಬಿಳುಪಿಗೂ ನಡುವೆ ತೆಳ್ಳಗೆ ಎಳೆದ ಕಪ್ಪು ಗೆರೆ. ಬೆನ್ನು ಕಂಚುಗಂದು, ಬಿಸಿಲು ಓರೆಯಾಗಿ ಬಿದ್ದಾಗ ಅದರಲ್ಲೊಂದು ಹಸಿರು ಛಾಯೆ ಬಂದು ಹೋಗುತ್ತದೆ. ಹೊಟ್ಟೆಯ ಕಡೆ ಬಣ್ಣ ಗಾಢವಾಗುತ್ತಾ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಮಡಿಸಿದ ರೆಕ್ಕೆ ಪಕ್ಕೆಯ ಮೇಲೆ ಒಂದು ಬಿಳಿ ಪಟ್ಟಿ. ಹಾರಿದಾಗ ಆ ಪಟ್ಟಿ ತೆರೆದು ಇಡೀ ಹಕ್ಕಿಯೇ ಬಿಳಿಯೆನಿಸುತ್ತದೆ. ಹಿಂದೆ ಕುಡುಗೋಲಿನಂತೆ ಬಾಗಿದ ನೀಳ ಕರಿಬಾಲ. ಕೆಳಗೆ ನೀಲಿಬೂದು ಕಾಲು, ಮತ್ತು ಆ ಬೆರಳುಗಳು! ದೇಹಕ್ಕೆ ಹೋಲಿಸಿದರೆ ಅವು ಎಷ್ಟು ಉದ್ದವೆಂದರೆ, ಹಕ್ಕಿ ಹೆಜ್ಜೆ ಎತ್ತುವಾಗ ಮೊದಲು ಅವನ್ನು ಒಟ್ಟುಗೂಡಿಸಿ, ಮೇಲೆತ್ತಿ, ಮುಂದಿನ ಎಲೆಯ ಮೇಲೆ ಮತ್ತೆ ಅಗಲಿಸಿ ಇಡಬೇಕಾಗುತ್ತದೆ. ಭಾರ ಹಂಚಿಹೋಗಿ ಎಲೆ ಮುಳುಗುವುದಿಲ್ಲ. ಅಂಚು ಮಾತ್ರ ಕೊಂಚ ತಗ್ಗಿ, ಒಂದು ಬೊಟ್ಟು ನೀರು ಒಳಗೆ ಬಂದು, ಹಕ್ಕಿ ದಾಟಿದ ಮೇಲೆ ಎಲೆಯ ನಡುವಿಗೆ ಉರುಳಿ ನಿಲ್ಲುತ್ತದೆ.

ಸುರಪುರದಿಂದ ಬೋನಾಳ ಹತ್ತು ಕಿಲೋಮೀಟರಿನ ಆಸುಪಾಸು. ಭಾನುವಾರ ನಸುಕಿನಲ್ಲಿ, ಉಳಿದ ದಿನ ಶಾಲೆ ಬಿಟ್ಟ ಮೇಲೆ ಅನುವಾದಾಗ, ನಾನು ಒಡ್ಡಿನ ಮೇಲೆ ಜಾಲಿಯ ನೆರಳು ಹಿಡಿದು ಕೂಡುತ್ತೇನೆ. ಈ ಕೆರೆಯನ್ನು ಸುರಪುರದ ಅರಸು ಪಾಮನಾಯಕ ಕಟ್ಟಿಸಿದನೆಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಈಗ ಪಕ್ಷಿಧಾಮ. ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬಂದಾಗ ದುರ್ಬೀನು ಹಿಡಿದ ಜನವೂ ದೂರದೂರಿಂದ ಬರುತ್ತಾರೆ. ಮಳೆಗಾಲದಲ್ಲಿ ಯಾರೂ ಇರುವುದಿಲ್ಲ. ಜಂಬುಕೋಳಿಗಳು ಜೊಂಡಿನ ಬುಡ ಸೀಳಿ, ಕೆಂಪು ಕಾಲಿನಲ್ಲಿ ತಿರುಳು ಎತ್ತಿ ಹಿಡಿದು ತಿನ್ನುತ್ತಿರುತ್ತವೆ. ಗುಳುಮುಳುಕ ಮುಳುಗಿದಲ್ಲಿ ಏಳದೆ ಬೇರೆಲ್ಲೋ ಏಳುತ್ತದೆ. ಮೀನಿಗೆ ಬಲೆ ಬಿಡುವ ಹಿರಿಯರೊಬ್ಬರು ದಿನಾ ನನ್ನ ಮುಂದೆ ಹಾದು ಹೋಗುತ್ತಾರೆ. "ಏನ್ ನೋಡಲಕತ್ತೀರಿ ಸರ್ರ, ಅದೇ ಹಕ್ಕಿ ಅಲ್ರೀ ಅದು?" ಎಂದು ಒಂದು ದಿನ ಕೇಳಿದರು. ಅದೇ ಹಕ್ಕಿ ಎಂದೆ. ಅವರೂ ಸ್ವಲ್ಪ ಹೊತ್ತು ನಿಂತು ನೋಡಿ ಹೋದರು.

ಆ ಹಕ್ಕಿ ಒಂದು ಗಂಡು. ಒಡ್ಡಿನಿಂದ ಹೆಚ್ಚು ದೂರವಿಲ್ಲದ ಎಲೆಗಳ ಗುಂಪಿನಲ್ಲಿ ಅದು ಕಾವಿಗೆ ಕೂತಿತ್ತು. ಗೂಡು ಎನ್ನಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಪಾಚಿಯ ಎಳೆ, ಕೊಳೆತ ಜೊಂಡಿನ ಚೂರು, ಎರಡು ಎಲೆಯ ತೊಟ್ಟುಗಳ ಮಧ್ಯೆ ಒತ್ತಿಕೊಂಡ ಒದ್ದೆ ಕಸ. ಅದರ ಮೇಲೆ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ ಕೂಡಿಕೊಂಡು. ಕಲೆಯಿಲ್ಲ, ಚುಕ್ಕೆಯಿಲ್ಲ, ಕಂಚಿನ ಹೊಳಪಿನ ಕಡುಗಂದು. ಮೊಟ್ಟೆಗಳ ಅಡಿ ನೀರಿಗೆ ತಾಗಿಯೇ ಇತ್ತು.

ಮೊಟ್ಟೆಯಿಟ್ಟ ಹೆಣ್ಣು ಅಲ್ಲಿ ನಿಲ್ಲುವುದಿಲ್ಲ. ಈ ಜಾತಿಯಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು, ಜಗಳಕ್ಕೂ ಮುಂದು. ರೆಕ್ಕೆಯ ಮಡಿಕೆಯಲ್ಲಿ ಅದಕ್ಕೊಂದು ಚೂಪು ಮುಳ್ಳುಂಟು. ಒಂದು ಗಂಡಿಗೆ ಮೊಟ್ಟೆಯಿಟ್ಟು ಕೊಟ್ಟು, ಕೆಲವು ದಿನಗಳಲ್ಲಿ ಕೆರೆಯ ಇನ್ನೊಂದು ಮಗ್ಗುಲಲ್ಲಿ ಬೇರೊಂದು ಗಂಡಿಗೆ ಇಡುತ್ತದೆ. ಕಾವು, ಕಾವಲು, ಮರಿಗಳ ಪಾಲನೆ ಎಲ್ಲವೂ ಗಂಡಿನ ಪಾಲು. ತೇಲುವ ಗೂಡಿಗೆ ಅಪಾಯ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ನೀರು ಏರುತ್ತದೆ, ನೀರುಹಾವು ಹಾಯುತ್ತದೆ, ಕಾಗೆ ಇಣುಕುತ್ತದೆ, ಎಮ್ಮೆಗಳು ಇಳಿಯುತ್ತವೆ. ಹತ್ತು ಮೊಟ್ಟೆಯಲ್ಲಿ ಎಷ್ಟೋ ಹಾಳಾಗುವಲ್ಲಿ, ಮತ್ತೆ ಮತ್ತೆ ಇಡಬಲ್ಲ ಹೆಣ್ಣು, ಇಟ್ಟದ್ದನ್ನು ಬಿಡದೆ ಕಾಯಬಲ್ಲ ಗಂಡು ಎರಡೂ ಬೇಕು. ನಾನು ನೋಡಿದ ಹೆಣ್ಣು ತನ್ನ ಗಂಡುಗಳ ಮೇರೆಯೊಳಗೆ ಬೇರೆ ಯಾವ ದೇವನಹಕ್ಕಿ ಇಳಿದರೂ ಮೂಗುದನಿಯಲ್ಲಿ ಮಿಯಾಂವ್ ಎಂದು ಕೂಗುತ್ತಾ ಎದುರು ಹಾರಿ ಬರುತ್ತಿತ್ತು. ಗೂಡಿನ ಹತ್ತಿರ ಮಾತ್ರ ಒಮ್ಮೆಯೂ ಸುಳಿಯಲಿಲ್ಲ.

ಗಂಡು ಕೂಡುವ ರೀತಿಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ನೇರ ಗೂಡಿಗೆ ಬರುವುದಿಲ್ಲ. ದೂರದಲ್ಲಿ ಇಳಿಯುತ್ತದೆ. ಎಲೆಯ ಅಂಚು ಮಗುಚಿ ಅಡಿಯ ಹುಳ ಹೆಕ್ಕುತ್ತಾ, ಮೇಯುವುದಷ್ಟೇ ತನ್ನ ಕೆಲಸವೆನ್ನುವಂತೆ ಅತ್ತ ಹೋಗಿ, ಇತ್ತ ತಿರುಗಿ, ನಡುವೆ ನಿಂತು ಕೊರಳು ನೀಡಿ ಸುತ್ತಲೂ ನೋಡುತ್ತದೆ. ಕೊನೆಯ ಮೂರ್ನಾಲ್ಕು ಹೆಜ್ಜೆ ಮಾತ್ರ ಚುರುಕು. ಮೊಟ್ಟೆಗಳ ಮೇಲೆ ನಿಂತು ಕೊಕ್ಕಿನ ಬದಿಯಿಂದ ಒಂದೊಂದನ್ನೇ ಚೂರು ಹೊರಳಿಸುತ್ತದೆ. ಆಮೇಲೆ ಎದೆ ಮುಂದಾಗಿ ಇಳಿಯುತ್ತದೆ, ಹಿಂಭಾಗ ಕೊನೆಗೆ. ರೆಕ್ಕೆಗಳು ಪಕ್ಕೆಯಿಂದ ಅರೆಬೆರಳು ಸಡಿಲಗೊಂಡು ಮೊಟ್ಟೆಗಳ ಇಕ್ಕೆಲಕ್ಕೂ ಜಾರುತ್ತವೆ. ಬಾಲ ಒಂದು ಸಲ ಅದುರಿ ಸ್ಥಿರವಾಗುತ್ತದೆ. ನಡು ಮಧ್ಯಾಹ್ನ ಬಿಸಿಲು ಕಾದಾಗ ಕೂಡದೆ, ಸೂರ್ಯನಿಗೆ ಬೆನ್ನು ಕೊಟ್ಟು, ಮೊಟ್ಟೆಗಳ ಮೇಲೆ ತನ್ನ ನೆರಳು ಬೀಳುವಂತೆ ನಿಲ್ಲುತ್ತದೆ. ಬಿಸಿಲು ಸರಿದಂತೆ ಅದೂ ಸರಿಯುತ್ತದೆ. ಕೊಕ್ಕು ಸ್ವಲ್ಪ ತೆರೆದಿರುತ್ತದೆ, ಗಂಟಲು ಮಿಡಿಯುತ್ತಿರುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಬಲಪುಟ ಕೆರೆಗೆ. ಎಡಪುಟದಲ್ಲಿ ಮೊದಲು ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಇರುತ್ತಿದ್ದವು. ಈ ಮಳೆಗಾಲದಲ್ಲಿ ಆ ಪುಟ ತುಂಬತೊಡಗಿತು.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ನನ್ನ ಹೆಂಡತಿ ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಿದಳು. ರಾತ್ರಿ ಪಾಳಿ ಹೆಚ್ಚು. ವಾರದ ದಿನಗಳಲ್ಲಿ ಅಲ್ಲೇ ಅವಳ ಅಕ್ಕನ ಮನೆಯಲ್ಲಿದ್ದು, ಪಾಳಿ ಮುಗಿದ ಶನಿವಾರ ಶಹಾಪುರದ ಮೇಲೆ ಹಾದು ಬರುತ್ತಾಳೆ. ಮನೆಯಲ್ಲಿ ನಾನು, ಆರು ವರ್ಷದ ಮಗಳು, ನನ್ನ ಅಪ್ಪ. ಮೊದಲೂ ನಾನು ಮನೆಯಲ್ಲೇ ಇರುತ್ತಿದ್ದೆ. ಆದರೆ ಮಗು ಹೇಗೆ ಏಳುತ್ತದೆ ಎಂಬುದನ್ನು ನಸುಕಿನಿಂದ ಕೂತು ನೋಡುವ ಪ್ರಸಂಗ ಬಂದದ್ದು ಈಗ. ಅವಳು ಒಮ್ಮೆಗೇ ಏಳುವುದಿಲ್ಲ. ಮೊದಲು ಅಲುಗುವುದು ಎಡಗಾಲಿನ ಹೆಬ್ಬೆರಳು. ಅದು ಕೌದಿಯ ಹೊಲಿಗೆಯೊಂದನ್ನು ಹುಡುಕಿ ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಆಮೇಲೆ ಉಸಿರು ಬದಲಾಗುತ್ತದೆ. ರಾತ್ರಿಯಿಡೀ ಮೂಗಿನಲ್ಲಿ ಆಡುತ್ತಿದ್ದದ್ದು ಒಂದು ದೀರ್ಘ ಎಳೆತವಾಗಿ ಎದೆಗಿಳಿಯುತ್ತದೆ. ರೆಪ್ಪೆಯ ಕೆಳಗೆ ಗುಡ್ಡೆ ಎರಡು ಸಲ ಸರಿದು ನಿಲ್ಲುತ್ತದೆ. ಕಣ್ಣು ತೆರೆದ ಮೊದಲ ಕ್ಷಣ ಅವಳು ಯಾರನ್ನೂ ನೋಡುವುದಿಲ್ಲ; ತೊಲೆಯ ಮೇಲಿನ ಬೆಳಕನ್ನು ನೋಡುತ್ತಾಳೆ. ಅದಾದ ಮೇಲೆ ನಾನು ಅಲ್ಲಿದ್ದೇನೆಂದು ಗೊತ್ತಾಗುತ್ತದೆ. "ಅಪ್ಪಾ, ಅವ್ವ ಬಂತೇನು?" ಎನ್ನುತ್ತಾಳೆ. ಶನಿವಾರವಲ್ಲದಿದ್ದರೆ ನಾನು ವಾರದ ದಿನಗಳನ್ನು ಬೆರಳ ಮೇಲೆ ಎಣಿಸಿ ತೋರಿಸುತ್ತೇನೆ. ಈಗೀಗ ಅವಳೇ ಎಣಿಸಿಕೊಂಡು ಸುಮ್ಮನಾಗುತ್ತಾಳೆ.

ಜಡೆ ಹಾಕುವುದು ಕೈಗೆ ಬಂದದ್ದು ನಿಧಾನವಾಗಿ. ಅವಳ ಕೂದಲು ನೆತ್ತಿಯ ಬಲಕ್ಕೆ ಒಂದು ಸುಳಿ ತಿರುಗಿ ಬೀಳುತ್ತದೆ. ಬೈತಲೆ ಅಲ್ಲಿ ನಿಲ್ಲದೆ ಓಡುತ್ತದೆ. ಬಾಚಣಿಗೆಯ ತುದಿಯಿಂದಲ್ಲ, ಹೆಬ್ಬೆಟ್ಟಿನ ಉಗುರಿನಿಂದ ಬಿಡಿಸಿದರೆ ನಿಲ್ಲುತ್ತದೆ. ಎಡಜಡೆ ಬಿಗಿಯಾದಾಗ ಅವಳ ಎಡಹುಬ್ಬು ಏರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಹುಬ್ಬು ನೋಡಿ ನಾನು ಒಂದು ಸುತ್ತು ಸಡಿಲಿಸುತ್ತೇನೆ. ಹೊರಗೆ ಅಂಗಳದ ಬೇವಿನಲ್ಲಿ ಬೆಳವ ಕೂಗುತ್ತಿರುತ್ತದೆ. ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬೇಕು, ಅವಸರ ಮಾಡಿದರೆ ಮತ್ತೆ ಮೊದಲಿಂದ.

ಇದೇ ಕಾಲಕ್ಕೆ ನನಗೆ ಚಾಳೀಸು ಬಂತು. ಕೆರೆಯ ಆಚೆ ದಂಡೆಯ ಕೆನ್ನೀಲಿ ಬಕದ ಕೊರಳಿನ ಗೆರೆಗಳು ದುರ್ಬೀನಿಲ್ಲದೆಯೂ ಸ್ಪಷ್ಟ ಕಾಣುತ್ತಿದ್ದವು; ಮಡಿಲಲ್ಲಿದ್ದ ನೋಟ್‌ಬುಕ್ಕಿನ ಅಕ್ಷರ ಮಂಜಾಗಿತ್ತು. ಕನ್ನಡಕ ಹಾಕಿಕೊಂಡ ದಿನ ಮಗಳ ಬೈತಲೆಯ ಬದಿಗೆ, ಕಿವಿಯ ಹಿಂದೆ, ಎಳ್ಳಿಗಿಂತ ಸಣ್ಣದೊಂದು ಮಚ್ಚೆ ಕಂಡಿತು. ಹುಟ್ಟಿದಾಗಿನಿಂದ ಇದೆಯೆಂದು ಅವಳವ್ವ ಫೋನಿನಲ್ಲಿ ಹೇಳಿದಳು. ಆ ಸಂಜೆ ಅದನ್ನೂ ಎಡಪುಟದಲ್ಲಿ ಬರೆದೆ: ಬಣ್ಣ ಜೇನುಗಂದು, ಅಂಚು ಸ್ವಲ್ಪ ತಿಳಿ.

ನಮ್ಮ ಮಾಳಿಗೆಯ ಮೇಲೆ ನಿಂತರೆ ಸುರಪುರದ ಸುತ್ತ ಬಂಡೆಗುಡ್ಡಗಳು ಕಾಣುತ್ತವೆ. ಒಂದರ ಮೇಲೆ ಟೇಲರ್ ಮಂಜಿಲ್. "ಆ ಮನಿ ಯಾರ್ದು?" ಎಂದು ಮಗಳು ಕೇಳಿದಾಗ ಫಿಲಿಪ್ ಮೆಡೋಸ್ ಟೇಲರನ ಕಥೆ ಹೇಳಿದೆ. 1840ರ ದಶಕದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ಬಂದು, ಚಿಕ್ಕ ಹುಡುಗ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡು, 1853ರಲ್ಲಿ ಇಲ್ಲಿಂದ ಹೋದವನು. ಬೋನಾಳ ಕೆರೆಯ ಕೆಲಸದಲ್ಲೂ ಅವನ ಕೈಯಿದೆ ಎನ್ನುತ್ತಾರೆ. ಆ ಹುಡುಗ ತನ್ನನ್ನು ಅಪ್ಪ ಎಂದು ಕರೆಯುತ್ತಿದ್ದನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜ ಸೆರೆಸಿಕ್ಕು ಸಿಕಂದರಾಬಾದಿನಲ್ಲಿದ್ದಾಗ ಟೇಲರ್ ಹೋಗಿ ಕಂಡ. ಆಗಲೂ ಅವನು ಅದೇ ಹೆಸರಿನಿಂದ ಕರೆದನಂತೆ. ಅದೇ ವರ್ಷ ರಾಜ ತೀರಿಕೊಂಡ, ಇನ್ನೂ ಎಳೆಯ ಪ್ರಾಯ. ಊರನ್ನು ಆಳಲು ಬಂದವನು ಒಬ್ಬ ಹುಡುಗನಿಗೆ ಅಪ್ಪನಾದದ್ದು, ಆದರೂ ಅವನನ್ನು ಉಳಿಸಿಕೊಳ್ಳಲಾಗದೆ ಹೋದದ್ದು ನನ್ನ ಮನಸ್ಸಿನಿಂದ ಸುಲಭಕ್ಕೆ ಹೋಗುವುದಿಲ್ಲ. ಮಗಳು ಕೇಳಿದ್ದು ಬೇರೆ: "ಆ ಹುಡುಗಗ ಜಡಿ ಯಾರ್ ಹಾಕ್ತಿದ್ರು?" ರಾಜರ ಮಕ್ಕಳಿಗೂ ಆಗ ಉದ್ದ ಕೂದಲಿದ್ದಿರಬಹುದು. ನಾನು ಉತ್ತರ ಹೇಳದೆ ಅವಳ ತಲೆ ಸವರಿದೆ.

ಪುಷ್ಯ ಮಳೆ ಹಿಡಿದ ವಾರ ಕೆರೆಗೆ ಒಂದೇ ಸಮನೆ ನೀರು ಬಂತು. ಭಾನುವಾರ ಮಗಳನ್ನೂ ಕರೆದುಕೊಂಡು ಹೋದೆ. ನೈದಿಲೆಯ ತೊಟ್ಟುಗಳು ಏರುವ ನೀರಿನ ಜತೆ ನೀಳವಾಗಲು ಸಮಯ ತೆಗೆದುಕೊಳ್ಳುತ್ತವೆ. ಅದುವರೆಗೆ ಎಲೆಗಳು ಜಗ್ಗಿ ಹಿಡಿದಂತಾಗಿ ನೀರೊಳಗೆ ಅರ್ಧ ಇಳಿಯುತ್ತವೆ. ಗೂಡಿನ ಕಸ ಬಿಚ್ಚಿಕೊಳ್ಳುತ್ತಿತ್ತು. ಗಂಡು ನಿಂತಿತ್ತು, ಕೂತಿರಲಿಲ್ಲ. ಬಗ್ಗಿ ಒಂದು ಮೊಟ್ಟೆಯನ್ನು ಕೊಕ್ಕಿನ ಅಡಿಗೂ ಎದೆಗೂ ಮಧ್ಯೆ ಅವುಚಿಕೊಂಡಿತು. ಹಿಂದೆ ಒಂದು ಹೆಜ್ಜೆ. ನಿಂತಿತು. ಇನ್ನೊಂದು ಹೆಜ್ಜೆ. ಹಿಂದೆ ಏನಿದೆಯೆಂದು ಕಾಣದು. ಉದ್ದ ಹಿಂಬೆರಳು ಎಲೆಯನ್ನು ತಡವಿ ತಡವಿ ಗಟ್ಟಿ ಜಾಗ ಹುಡುಕುತ್ತಿತ್ತು. ಎರಡು ಎಲೆಗಳ ಸಂದಿಯಲ್ಲಿ ಮೊಟ್ಟೆ ಜಾರಿ ನೀರಿಗೆ ಬಿತ್ತು, ತೇಲಿತು. ಹಕ್ಕಿ ಗಾಬರಿಯಾಗಲಿಲ್ಲ. ನೀರಿಗೆ ಎದೆ ಹಚ್ಚಿ, ಗದ್ದದಿಂದ ಎಳೆದುಕೊಂಡು ಮತ್ತೆ ಅವುಚಿತು. ಜೊಂಡಿನ ಬುಡದಲ್ಲಿ ಮುರಿದು ಬಿದ್ದ ಗಿಡಗಳ ದಟ್ಟ ಹಾಸು ಇತ್ತು. ಅಲ್ಲಿಗೆ ಮುಟ್ಟಿಸಿ, ಕೊಕ್ಕಿನಿಂದ ಸರಿಪಡಿಸಿ, ಎರಡನೆಯದಕ್ಕೆ ಹಿಂತಿರುಗಿತು. ಈ ಸಲ ದಾರಿ ಗೊತ್ತಿತ್ತು. ಮಳೆ ಹನಿಯುತ್ತಲೇ ಇತ್ತು. ಬೆನ್ನಿನ ಕಂಚು ಒದ್ದೆಯಾಗಿ ಕಪ್ಪಗಾಗಿತ್ತು, ಹೆಡಕಿನ ಹೊನ್ನು ಅಂಟಿಕೊಂಡಿತ್ತು. ಮೂರನೆಯದನ್ನು ಒಯ್ದದ್ದು ಕಂಡೆವು. ನಾಲ್ಕನೆಯದು ಹಳೆಯ ಜಾಗದಲ್ಲಿ ಕಾಣಲಿಲ್ಲ. ಹಕ್ಕಿ ಅಲ್ಲಿಗೆ ಬಂದು, ನೀರಿನತ್ತ ಒಂದು ಬದಿಗೆ ತಲೆ ಓರೆ ಮಾಡಿ, ಇನ್ನೊಂದು ಬದಿಗೆ ಓರೆ ಮಾಡಿ, ಬಹಳ ಹೊತ್ತು ನೋಡಿತು. ನಂತರ ಹೋಗಿ ಮೂರರ ಮೇಲೆ ಕೂತಿತು.

ಮಗಳು ಅಷ್ಟೂ ಹೊತ್ತು ನನ್ನ ಕೊಡೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮಾತಿನ ಹುಡುಗಿ. ಅಂದು ಅವಳ ಬಾಯಿಂದ ಬಂದದ್ದು ಒಂದೇ ಮಾತು, ಮೊಟ್ಟೆ ಜಾರಿದಾಗ: "ಯವ್ವಾ!" ಮನೆಗೆ ಬಂದ ಮೇಲೆ ಮುತ್ಯಾನ ಮುಂದೆ ನಿಂತು, ಗದ್ದಕ್ಕೂ ಎದೆಗೂ ನಡುವೆ ಒಂದು ನಿಂಬೆಹಣ್ಣು ಹಿಡಿದು, ಪಡಸಾಲೆಯ ಉದ್ದಕ್ಕೂ ಹಿಂದಕ್ಕೆ ನಡೆದು ತೋರಿಸಿದಳು. ಹಿಮ್ಮಡಿಯಿಂದ ನೆಲ ತಡವುವುದನ್ನೂ ಬಿಟ್ಟಿರಲಿಲ್ಲ. ಹೊಲದಲ್ಲಿ ದುಡಿದು ಸವೆದ ಜೀವ ನನ್ನ ಅಪ್ಪನದು; ಹೆಚ್ಚು ಮಾತಿಲ್ಲ. ಅವಳು ಬರುವ ದಾರಿಯಲ್ಲಿದ್ದ ಚೆಂಬನ್ನು ಕಾಲಿನಿಂದ ಬದಿಗೆ ಸರಿಸಿದ, ಅಷ್ಟೆ.

ಆ ರಾತ್ರಿ ಅವನು ಉಣ್ಣುವುದನ್ನು ನೋಡಿದೆ. ಜೋಳದ ರೊಟ್ಟಿಯನ್ನು ಅವನು ಮೊದಲು ಸುತ್ತಲೂ ಅಂಚು ಮುರಿದು ತನ್ನ ತಟ್ಟೆಯ ಬದಿಗಿಟ್ಟುಕೊಳ್ಳುತ್ತಾನೆ. ಉಬ್ಬಿ ಮೆತ್ತಗಾದ ನಡುಭಾಗವನ್ನು ಎರಡಾಗಿ ಸೀಳಿ, ಒಳಗೆ ಶೇಂಗಾ ಹಿಂಡಿ, ಎರಡು ಹನಿ ಎಣ್ಣೆ ಹಾಕಿ, ಮೊಮ್ಮಗಳ ತಟ್ಟೆಗೆ ಸರಿಸುತ್ತಾನೆ. ಆಮೇಲೆ ಗಟ್ಟಿ ಅಂಚನ್ನು ಪುಂಡಿಪಲ್ಯದಲ್ಲಿ ಅದ್ದಿ ನೆನೆಸಿ ತಾನು ತಿನ್ನುತ್ತಾನೆ, ಹಲ್ಲಿಲ್ಲದ ಬದಿಯನ್ನು ಬಿಟ್ಟು ಇನ್ನೊಂದು ಬದಿಯಲ್ಲಿ. ನನ್ನ ತಟ್ಟೆಗೂ ಒಂದು ಕಾಲದಲ್ಲಿ ನಡುಭಾಗವೇ ಬರುತ್ತಿತ್ತು. ಸುಮಾರು ನಲವತ್ತು ವರ್ಷಗಳಿಂದ ಅದೇ ಕೈ, ಅದೇ ಮುರಿತ.

ನಾಗರ ಪಂಚಮಿಗೆ ಹೆಂಡತಿ ಎರಡು ದಿನ ರಜೆ ಹಾಕಿ ಬಂದಳು. ಅವಳನ್ನು ಎದುರುಗೊಳ್ಳಲು ನಾನೂ ಮಗಳೂ ಶಹಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಅಲ್ಲಿ ಬುದ್ಧ ಮಲಗಿದ ಗುಡ್ಡವಿದೆಯಲ್ಲ, ಅದನ್ನು ಬಸ್ಸಿನಿಂದ ನೋಡುವುದು ನನಗೆ ಈಗಲೂ ಸಾಕೆನಿಸಿಲ್ಲ. ಒಂದು ತಿರುವಿನಲ್ಲಿ ಹಣೆ, ಮೂಗು, ತುಟಿ, ಗದ್ದ, ಏರಿದ ಎದೆ, ಎಲ್ಲ ಒಂದೇ ಗೆರೆಯಲ್ಲಿ ಕೂಡಿಬರುತ್ತವೆ. ಸ್ವಲ್ಪ ಮುಂದೆ ಹೋದರೆ ಮೂಗು ಗದ್ದದಿಂದ ಬೇರೆಯಾಗುತ್ತದೆ. ಇನ್ನೂ ಮುಂದೆ ಅವು ಒಂದರ ಹಿಂದೆ ಒಂದು ನಿಂತ ಬೇರೆ ಬೇರೆ ಗುಡ್ಡಗಳು. ಗಡಿ ಗಡಿಯಾಗಿ ಸೀಳಿದ ಬೂದುಗೆಂಪು ಬಂಡೆ, ಸೀಳಿನಲ್ಲಿ ಸೀತಾಫಲದ ಪೊದೆ. ಮಗಳು ಕಿಟಕಿಗೆ ಹಣೆಯೊತ್ತಿ ಮೂಗು ಹೋಗುವ ಕ್ಷಣಕ್ಕೆ ಕಾಯುತ್ತಾಳೆ. "ಹೋತು," ಎನ್ನುತ್ತಾಳೆ. ಬರುವಾಗ ಅವ್ವನ ತೊಡೆಯ ಮೇಲೆ ಕೂತು, "ಬಂತು."

ಪಂಚಮಿಯ ಮಾರನೆಯ ಬೆಳಿಗ್ಗೆ ಮೂವರೂ ಒಡ್ಡಿಗೆ ಹೋದೆವು. ಕಾವು ಕೂತು ಹೆಚ್ಚುಕಡಿಮೆ ನಾಲ್ಕು ವಾರವಾಗಿತ್ತು. ಈ ಹಕ್ಕಿಗೆ ಅಷ್ಟೇ ಬೇಕು. ಎರಡು ಮರಿ ಹೊರಬಂದಿದ್ದವು. ಒಂದರ ಬೆನ್ನು ಇನ್ನೂ ಒದ್ದೆ. ತಿಳಿಗಂದು ತುಪ್ಪಳ, ಬೆನ್ನುದ್ದಕ್ಕೂ ಕಡುಗಂದು ಪಟ್ಟೆ, ಹೊಟ್ಟೆ ಬಿಳಿ, ಮತ್ತು ಮೈಗೆ ಸಲ್ಲದಷ್ಟು ದೊಡ್ಡ ಕಾಲು. ಒಣಗಿದ ಮರಿ ಆಗಲೇ ಎಲೆಯ ಮೇಲೆ ನಡೆಯುತ್ತಿತ್ತು. ಗಂಡು ಅದರ ಬಾಯಿಗೆ ಏನನ್ನೂ ಇಡುವುದಿಲ್ಲ. ಅದು ಹುಳವಿರುವ ಎಲೆಯತ್ತ ಹೋಗಿ ನಿಲ್ಲುತ್ತದೆ; ಮರಿ ಹಿಂದೆ ಬಂದು ತಾನೇ ಕುಟುಕಿ ನೋಡುತ್ತದೆ. ಮೊದಲ ಕುಟುಕು ಎಲೆಯ ನರಕ್ಕೆ. ಎರಡನೆಯದು ನೀರ ಬೊಟ್ಟಿಗೆ. ಮೂರನೆಯದಕ್ಕೆ ಏನೋ ಸಿಕ್ಕಿ ಕೊರಳು ಅಲುಗಿತು. ಅಷ್ಟರಲ್ಲಿ ಆಚೆ ದಂಡೆಯ ಬೇವಿನಿಂದ ಗರುಡವೊಂದು ಎದ್ದು ಕೆರೆಯ ಮೇಲೆ ಹಾದಿತು. ಬಿಳಿ ತಲೆ, ಇಟ್ಟಿಗೆಗೆಂಪು ರೆಕ್ಕೆ. ಗಂಡಿನಿಂದ ಒಂದು ಗಿಡ್ಡ ಸದ್ದು. ಒಣಗಿದ ಮರಿ ಇದ್ದಲ್ಲಿಯೇ ಎಲೆಯ ಅಂಚಿನಿಂದ ಜಾರಿ ನೀರೊಳಗೆ ಹೋಯಿತು, ಕೊಕ್ಕಿನ ತುದಿಯಷ್ಟೇ ಮೇಲೆ. ಇನ್ನೊಂದು ತಂದೆಯ ರೆಕ್ಕೆಯಡಿ ಸೇರಿತು. ಗರುಡ ಎರಡು ಸುತ್ತು ಹಾಕಿ ಮೀನಿನ ಬಲೆಯ ಕಡೆ ಹೋಯಿತು. ಕೊಕ್ಕಿನ ತುದಿ ಅಲುಗಲಿಲ್ಲ. ಸದ್ದು ಬದಲಾದ ಮೇಲೆ, ಮೃದುವಾಗಿ ಎರಡು ಸಲ ಕೇಳಿದ ಮೇಲೆ, ಮರಿ ಮೇಲೆ ಬಂದು ಮೈ ಕೊಡವಿತು.

ರಾತ್ರಿ ಪಾಳಿಯ ನಿದ್ದೆ ಇನ್ನೂ ತೀರದ ಕಣ್ಣಿನಿಂದ ಹೆಂಡತಿ ದುರ್ಬೀನು ಹಿಡಿದು ನೋಡುತ್ತಲೇ ಇದ್ದಳು. "ಇವಂದು ಪಾಳಿ ಬದಲಿಲ್ಲ ನೋಡ್ರಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಕಿ ಎಲ್ಲದಾಳ?" ಮಗಳು ಕೆರೆಯ ನಡುವಿಗೆ ಕೈ ತೋರಿಸಿದಳು. ಅಲ್ಲಿ ಹೆಣ್ಣು ಇನ್ನೊಂದು ಹಕ್ಕಿಯನ್ನು ನೀರಿನ ಮೇಲ್ಮೈಗೆ ತಾಗುವಷ್ಟು ಕೆಳಗೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಹೆಂಡತಿ ದುರ್ಬೀನನ್ನು ಅತ್ತ ತಿರುಗಿಸಿ ಬಹಳ ಹೊತ್ತು ಇಳಿಸಲಿಲ್ಲ.

ಮೂರನೆಯ ಮೊಟ್ಟೆ ಒಡೆಯಲಿಲ್ಲ. ಗಂಡು ಮತ್ತೊಂದು ದಿನ ಅದರ ಮೇಲೂ ಕೂತಿತ್ತು. ಮರಿಗಳು ದೂರ ಹೋಗತೊಡಗಿದ ಮೇಲೆ ಅವುಗಳ ಹಿಂದೆ ಹೋಯಿತು.

ಭಾದ್ರಪದ ಕಳೆದು ತೊಗರಿ ಹೂವಿಗೆ ಬರುವ ಹೊತ್ತಿಗೆ ಗಂಡಿನ ಬಾಲ ಉದುರತೊಡಗಿತು. ಒಮ್ಮೆಗೇ ಅಲ್ಲ. ಮೊದಲು ಬಾಗಿನ ಗೆರೆ ಒಡೆದು ಕಂಡಿತು, ಒಂದು ನೀಳಗರಿ ಇಲ್ಲ. ಆಮೇಲೆ ಹೆಡಕಿನ ಹೊನ್ನು ಮಾಸಿ ಒಣಹುಲ್ಲಿನ ಬಣ್ಣಕ್ಕೆ ಬಂತು. ನೆತ್ತಿಯ ಬಿಳುಪಿನಲ್ಲಿ ಕಂದು ಗರಿಗಳು ಚುಕ್ಕೆ ಚುಕ್ಕೆಯಾಗಿ ಮೂಡಿದವು. ಕಪ್ಪು ಹೊಟ್ಟೆ ಅಡಿಯಿಂದ ಬಿಳಿಯಾಗುತ್ತಾ ಬಂದು ಎದೆಯ ಮೇಲೆ ಒಂದು ಕರಿ ಪಟ್ಟಿಯಷ್ಟೇ ಉಳಿಯಿತು. ಗೊತ್ತಿಲ್ಲದವರು ಬೇರೆ ಹಕ್ಕಿಯೆನ್ನುತ್ತಾರೆ. ನಡಿಗೆ ಮಾತ್ರ ಅದೇ: ಬೆರಳು ಕೂಡಿಸಿ, ಎತ್ತಿ, ಅಗಲಿಸಿ ಇಡುವುದು. ದಂಡೆಯಲ್ಲಿ ಒಂದು ನೀಳಗರಿ ಬಿದ್ದಿತ್ತು. ಮಗಳು ಅದರ ಪಕ್ಕ ಕೈ ಚಾಚಿ ಅಳೆದಳು. ಬೆರಳ ತುದಿಯಿಂದ ಮೊಣಕೈ ಮುಟ್ಟಲು ಸ್ವಲ್ಪ ಕಡಿಮೆ. ಅಳೆದು ಅಲ್ಲೇ ಬಿಟ್ಟು ಬಂದಳು.

ಅದೇ ವಾರ ಅವಳ ಕೆಳಸಾಲಿನ ಹಲ್ಲು ಅಲುಗಿತು. ನಾಲಿಗೆಯಿಂದ ಅದನ್ನು ಒಳಗೆ ಹೊರಗೆ ಆಡಿಸುವುದು, ಓದುವಾಗ, ನಿದ್ದೆಯಲ್ಲೂ. ಬಿದ್ದ ದಿನ ಮುತ್ಯಾ ಅದನ್ನು ಸಗಣಿಯಲ್ಲಿ ಮುಚ್ಚಿ ಮಾಳಿಗೆಯ ಮೇಲೆ ಎಸೆಯಲು ಕೊಟ್ಟ. ಆ ಸಂದಿಯಿಂದಾಗಿ ಅವಳ ಸಕಾರ ಕೆಲವು ದಿನ ಗಾಳಿಯಾಗಿ ಹೋಯಿತು. ಒಸಡಿನಲ್ಲಿ ಹೊಸದರ ಬಿಳಿ ಅಂಚು ಕಂಡಾಗ ಸಕಾರ ಮರಳಿ ಬಂದಿರಲಿಲ್ಲ, ಆದರೆ ರೊಟ್ಟಿಯ ನಡುಭಾಗವನ್ನು ಮುತ್ಯಾ ಸರಿಸುವ ಮುಂಚೆ ತಾನೇ ಮುರಿದುಕೊಳ್ಳತೊಡಗಿದ್ದಳು. ಮುತ್ಯಾನ ಕೈ ತಟ್ಟೆಯ ಮೇಲೆ ಒಂದು ಕ್ಷಣ ತಡೆದು ಹಿಂದೆ ಹೋಯಿತು. ಮರುದಿನದಿಂದ ಅವನು ಎಣ್ಣೆಯ ಬಟ್ಟಲನ್ನು ಅವಳ ಬಲಗಡೆಗೆ, ಕೈಗೆ ಎಟಕುವಲ್ಲಿ ಇಡುತ್ತಿದ್ದಾನೆ.

ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ತಾಲ್ಲೂಕಿನ ಎಷ್ಟೋ ಜೋಳದ ಎರೆ ಭತ್ತದ ಗದ್ದೆಯಾಗಿದೆ. ಗದ್ದೆಯ ಜತೆ ಗದ್ದೆಯ ಹಕ್ಕಿಗಳೂ ಬಂದು ನೆಲೆಸಿದವು. ಅವುಗಳಲ್ಲಿ ಪೇಂಟೆಡ್ ಸ್ನೈಪ್ ಎಂದು ಪುಸ್ತಕಗಳು ಹೇಳುವ ಗುಟ್ಟಿನ ಹಕ್ಕಿ ಒಂದು. ಇದರಲ್ಲಿ ಹೆಣ್ಣೇ ಚೆಂದ, ಕೊರಳು ಕೆಂಗಂದು, ಕಣ್ಣಿನ ಸುತ್ತ ಬಿಳಿ. ಗಂಡು ಒಣಗಿದ ಹುಲ್ಲಿನ ಬಣ್ಣ ತೊಟ್ಟು ಮೊಟ್ಟೆಗೂ ಮರಿಗೂ ಕಾವಲು. ಕಾಲುವೆಯ ಬದಿಯ ಹೊಲದವರು ನೋಡಿದ್ದೇವೆಂದು ಹೇಳಿದ್ದರಿಂದ ಹಸ್ತಾ ಮಳೆ ಹೊಳವಾದ ಶನಿವಾರ ಸಂಜೆ, ಹೆಂಡತಿ ಬಸ್ಸಿಳಿದ ಮೇಲೆ, ನೇರ ಅಲ್ಲಿಗೇ ಹೋದೆವು. ಹೊತ್ತು ಮುಳುಗುವ ಮುಂಚೆ ಬದುವಿನ ಬುಡದಿಂದ ಗಂಡು ಹೊರಬಂತು. ನಿಂತಲ್ಲೇ ಹಿಂಭಾಗವನ್ನು ಮೇಲೆ ಕೆಳಗೆ ತೂಗಿತು, ಕೆಸರಿನಲ್ಲಿ ಕೊಕ್ಕು ಇಳಿಸಿ ಬಲಕ್ಕೂ ಎಡಕ್ಕೂ ಆಡಿಸಿತು. ಹಿಂದಿನಿಂದ ಮರಿಗಳು. ಪೈರಿನ ಸಾಲುಗಳ ನಡುವೆ ಅವು ಕಂಡು ಮರೆಯಾಗಿ, ಮರೆಯಾಗಿ ಕಂಡು ದಾಟಿದವು.

"ಮೂರು," ಎಂದಳು ಹೆಂಡತಿ.

"ನಾಕು ಅವ್ವಾ. ಒಂದು ಹಿಂದುಳಿದಿತ್ತು, ನಾ ನೋಡೀನಿ."

ನಾನು ಎಣಿಸಿದ್ದು ಎರಡೇ. ಅವಳವ್ವ ಮತ್ತೆ ಮೂರೆಂದಳು, ಮಗಳು ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಮೂರೂ ಲೆಕ್ಕಗಳನ್ನು ಯಾರ್ಯಾರದೆಂದು ಬಲಪುಟದಲ್ಲಿ ಬರೆದುಕೊಂಡೆ. ಭಾನುವಾರ ಹೆಂಡತಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬೇಗ ಎದ್ದರೆ ಬಸ್ಸಿನ ಹೊತ್ತಿಗೆ ಮುಂಚೆ ಇನ್ನೊಂದು ಸಲ ಬಂದು ಎಣಿಸಬಹುದು.